ಎಂಬತ್ತು ನಿಮಿಷ

ಮೈಕಿನ ಮುಂದೆ ಕೂತರೆ ಅವಳಂಥ ಗಟ್ಟಿಗಿತ್ತಿ ಇನ್ನೊಬ್ಬಳಿಲ್ಲ. ಮೇಜಿನ ಮೇಲಿನ ಕೆಂಪು ದೀಪ ಹತ್ತಿತೋ, ನಾಲ್ಕು ಪ್ಲಾಟ್‌ಫಾರಂಗಳಲ್ಲಿ ಚೆಲ್ಲಾಪಿಲ್ಲಿಯಾಗಿ ನಿಂತ ಸಾವಿರಾರು ಜನಕ್ಕೆ ಯಾವ ಗಾಡಿ ಎಲ್ಲಿ ಬರುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದನ್ನು ಒಂದಕ್ಷರ ಆಚೀಚೆಯಾಗದಂತೆ ಹೇಳುತ್ತಿದ್ದಳು. ದೀಪ ಆರಿತೋ, ನೆಲ ಒರೆಸುವ ಹೆಂಗಸು ‘ಊಟ ಆಯ್ತಾ ಅಕ್ಕ’ ಎಂದರೂ ತಟ್ಟನೆ ಉತ್ತರ ಬರುತ್ತಿರಲಿಲ್ಲ. ಆಕೆ ಕೇಳುತ್ತಿರುವುದು ನಿಜಕ್ಕೂ ಊಟದ ವಿಷಯವೋ, ಒರೆಸಬೇಕು ಏಳು ಅಂತಲೋ, ಸುಮ್ಮನೆ ಮಾತಿಗೊಂದು ಮಾತೋ ಎಂದು ಲೆಕ್ಕ ಹಾಕುವಷ್ಟರಲ್ಲಿ ಒರೆಸುವವಳು ಬಕೆಟ್ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿರುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಸ್ಟೇಷನ್ನಿನಲ್ಲಿ ಎಲ್ಲರೂ ಅವಳನ್ನು ಮೈಕಕ್ಕ ಎನ್ನುತ್ತಾರೆ. ಮೊದಮೊದಲು ಅದು ಗೇಲಿಯೋ ಪ್ರೀತಿಯೋ ತಿಳಿಯದೆ ಒದ್ದಾಡಿ, ಆಮೇಲೆ ಇರಲಿ ಎಂದು ಬಿಟ್ಟಿದ್ದಳು. ಇವತ್ತು ಮಾತ್ರ ದೀಪ ಹತ್ತಿದಾಗಲೂ ಅಂಗೈ ಬೆವರುತ್ತಿತ್ತು. ಹನ್ನೊಂದೂ ಐವತ್ತಕ್ಕೆ ಮೂರನೇ ಪ್ಲಾಟ್‌ಫಾರಂಗೆ ಬರುವ ಗಾಡಿಯಲ್ಲಿ ಅವಳ ತಂಗಿ ಬರುವವಳಿದ್ದಳು. ಆರು ವರ್ಷದಿಂದ ಮಾತು ಬಿಟ್ಟ ತಂಗಿ. ಇಲ್ಲಿ ಇಳಿದು, ಒಂದೂ ಹತ್ತಕ್ಕೆ ಅದೇ ಪ್ಲಾಟ್‌ಫಾರಂನಿಂದ ಹೊರಡುವ ಇನ್ನೊಂದು ಗಾಡಿ ಹತ್ತಿ ಮಗಳ ಊರಿಗೆ ಹೋಗುತ್ತಾಳೆ. ಹೋದರೆ ಇನ್ನು ಅಲ್ಲೇ, ಈ ದಾರಿಯಲ್ಲಿ ಮತ್ತೆ ಬರುವ ಕಾರಣವಿಲ್ಲ. ನಡುವೆ ಇರುವುದು ಎಂಬತ್ತು ನಿಮಿಷ, ಅದರಲ್ಲಿ ಮೊದಲ ನಲವತ್ತು ನಿಮಿಷ ಅವಳದೇ ಶಿಫ್ಟು.

ಅನೌನ್ಸರ್ ಕೋಣೆ ಇರುವುದು ಮೂರನೇ ಪ್ಲಾಟ್‌ಫಾರಂನ ನೆತ್ತಿಯ ಮೇಲೆ, ಹದಿನೇಳು ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಒಂದು ಮೇಜು, ಎರಡು ಫೋನು, ಮೈಕು, ಗಾಜಿನ ಕಿಟಕಿ, ಮತ್ತೆ ಹಳದಿ ಕಾರ್ಡುಗಳು ತುಂಬಿದ ಉದ್ದನೆಯ ಮರದ ಪೆಟ್ಟಿಗೆ. ಬರುವ ಗಾಡಿಗೆ ಒಂದು ಕಾರ್ಡು, ಹೊರಡುವುದಕ್ಕೆ ಒಂದು, ತಡವಾದರೆ ಒಂದು, ಕಳೆದುಹೋದ ಸಾಮಾನಿಗೆ ಒಂದು. ವಾಕ್ಯ ಬರೆದಿರುತ್ತದೆ, ಗಾಡಿಯ ಹೆಸರಿಗೂ ಹೊತ್ತಿಗೂ ಜಾಗ ಖಾಲಿ ಬಿಟ್ಟಿರುತ್ತದೆ, ತುಂಬಿಕೊಂಡು ಓದಿದರೆ ಮುಗಿಯಿತು. ಕೆಲಸಕ್ಕೆ ಸೇರಿದ ದಿನ ಆ ಪೆಟ್ಟಿಗೆಯನ್ನು ನೋಡಿ, ಲೋಕದಲ್ಲಿ ತನಗೂ ಒಂದು ಜಾಗ ಇದೆಯಲ್ಲ ಎಂದು ಅವಳಿಗೆ ಅಳು ಬಂದಿತ್ತು. ಆಮೇಲೆ ಮನೆಯಲ್ಲೂ ಅಂಥದೊಂದು ಮಾಡಿಕೊಂಡಳು, ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬಿಯಲ್ಲಿ. ತರಕಾರಿಯವನ ಜೊತೆ ಆಡುವ ಮಾತು, ಮೇಲಿನ ಮನೆಯವರ ಜೊತೆ ಮೆಟ್ಟಿಲಲ್ಲಿ ಎದುರಾದರೆ ಆಡುವ ಮಾತು, ಕಾಯಿಲೆಯವರನ್ನು ನೋಡಲು ಹೋದಾಗ, ಮಗು ಹುಟ್ಟಿದವರ ಮನೆಗೆ ಹೋದಾಗ. ಮಗು ಲಕ್ಷಣವಾಗಿದೆ ಎನ್ನಬೇಕು, ಯಾರ ಹಾಗಿದೆ ಎಂದು ಕೇಳಬೇಕು, ತಲೆ ಉದ್ದವಾಯಿತು ಎನ್ನಬಾರದು. ಎಡವಿದಾಗಲೆಲ್ಲ ಒಂದು ಹೊಸ ಕಾರ್ಡು. ಐವತ್ತೊಂದನೇ ವಯಸ್ಸಿಗೆ ನಾಲ್ಕುನೂರ ಹದಿನೆಂಟು ಕಾರ್ಡಾಗಿದ್ದವು, ಅಂದರೆ ನಾಲ್ಕುನೂರ ಹದಿನೆಂಟು ಸಲ ಮುಖಭಂಗ. ಇವತ್ತು ಸಮವಸ್ತ್ರದ ಜೇಬಿನಲ್ಲಿ ಇದ್ದದ್ದು ನಾಲ್ಕುನೂರ ಹತ್ತೊಂಬತ್ತನೆಯದು, ಒಂಬತ್ತು ಸಲ ತಿದ್ದಿ ಬರೆದದ್ದು.

ತಂಗಿ ಬರುವ ಸುದ್ದಿ ಕೊಟ್ಟವಳು ತಂಗಿಯ ಮಗಳು. ಮೊನ್ನೆ ಫೋನು ಮಾಡಿ, ದೊಡ್ಡಮ್ಮ, ಅಮ್ಮ ಇನ್ನು ನನ್ನ ಹತ್ತಿರವೇ ಇರ್ತಾಳೆ, ನಿಮ್ಮ ಸ್ಟೇಷನ್ನಲ್ಲಿ ಗಾಡಿ ಬದಲಾಯಿಸಲೇಬೇಕು, ಬೇರೆ ದಾರಿ ಹುಡುಕು ಅಂತ ಹಟ ಮಾಡಿದಳು, ಇಲ್ಲ ಅಂದೆ ಎಂದು ಒಂದೇ ಉಸಿರಿಗೆ ಹೇಳಿ, ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ ಎಂದು ಇಟ್ಟುಬಿಟ್ಟಿದ್ದಳು. ಬೇರೆ ದಾರಿ ಹುಡುಕು ಎಂದಳಂತೆ. ಆ ಮಾತನ್ನು ತೆಗೆದು ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಗಡಿಯಾರದಲ್ಲಿ ಹತ್ತೂ ಮೂವತ್ತೈದು. ತಲೆಯ ಮೇಲೆ ಟ್ಯೂಬ್‌ಲೈಟು ಗುಂಯ್ ಎನ್ನುತ್ತಿತ್ತು. ಈ ಗುಂಯ್ ಇಲ್ಲದಿದ್ದರೆ ಕಿವಿ ಡಾಕ್ಟರ ಹತ್ತಿರ ಹೋಗುತ್ತಲೇ ಇರಲಿಲ್ಲ, ಹೋಗದಿದ್ದರೆ ತನ್ನ ರೀತಿಗೊಂದು ಹೆಸರು ಸಿಗುತ್ತಲೂ ಇರಲಿಲ್ಲ. ಯಾರಿಗೂ ಕೇಳಿಸದ್ದು ನನಗೆ ಕೇಳಿಸುತ್ತದೆ, ಕಿವಿಯಲ್ಲಿ ಏನೋ ಕೆಟ್ಟಿದೆ ನೋಡಿ ಎಂದು ಹೋದವಳನ್ನು ಆತ ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಕೆಟ್ಟಿಲ್ಲಮ್ಮ, ಸ್ವಲ್ಪ ಹೆಚ್ಚೇ ಚೆನ್ನಾಗಿದೆ ಎಂದು, ಅವಳು ಮಾತಾಡುವಾಗ ತನ್ನ ಮುಖ ಬಿಟ್ಟು ಕಿವಿಯನ್ನೇ ನೋಡುತ್ತಿದ್ದುದನ್ನು ಗಮನಿಸಿ, ಮೇಲಿನ ಮಹಡಿಯ ಡಾಕ್ಟರಮ್ಮನಿಗೆ ಒಂದು ಚೀಟಿ ಬರೆದುಕೊಟ್ಟಿದ್ದ. ಜನರ ಕಣ್ಣು ಅವಳಿಗೆ ಬಿಸಿಲಿನ ಹಾಗೆ, ನೇರ ನೋಡಿದರೆ ಯೋಚನೆಯೇ ಅಳಿಸಿಹೋಗುತ್ತದೆ. ಅದಕ್ಕೆ ಕಿವಿ. ಕಿವಿಗಳು ಏನೂ ಕೇಳುವುದಿಲ್ಲ, ತಮ್ಮ ಪಾಡಿಗೆ ತಾವು ಇರುತ್ತವೆ.

ಡಾಕ್ಟರಮ್ಮ ಮೂರು ಸಲ ಕೂರಿಸಿಕೊಂಡು ಮಾತಾಡಿಸಿದಳು. ಪ್ರಶ್ನೆಗಳು ವಿಚಿತ್ರವಾಗಿದ್ದವು, ಅದಕ್ಕಿಂತ ವಿಚಿತ್ರವೆಂದರೆ ಪ್ರತಿಯೊಂದೂ ತನ್ನ ಮನೆಯ ಕಿಟಕಿಯಲ್ಲಿ ಇಣುಕಿ ಬರೆದ ಹಾಗಿತ್ತು. ಯಾರೋ ‘ಐದು ನಿಮಿಷದಲ್ಲಿ ಬಂದೆ’ ಎಂದರೆ ನಿಮಗೆ ಏನನ್ನಿಸುತ್ತದೆ? ಗುಂಪಿನಲ್ಲಿ ನಗು ಯಾಕೆ ಬಂತು ಎಂದು ತಿಳಿಯದೆ ನಕ್ಕಿದ್ದೀರಾ? ಮನೆಗೆ ಬಂದ ಮೇಲೆ ಆಡಿದ ಮಾತನ್ನೆಲ್ಲ ಮತ್ತೆ ಆಡಿ ನೋಡುತ್ತೀರಾ? ನೋಡುತ್ತೇನೆ ಎಂದಳು, ಒಮ್ಮೊಮ್ಮೆ ಹತ್ತು ವರ್ಷದ ಹಿಂದಿನದನ್ನೂ. ಮೂರನೇ ಸಲ ಡಾಕ್ಟರಮ್ಮ ಹೆಸರು ಹೇಳಿದಳು, ಆಸ್ಪರ್ಗರ್ ಸಿಂಡ್ರೋಮ್ ಎಂದು. ಈಗ ಆ ಹೆಸರು ಬಿಟ್ಟು ಆಟಿಸಂ ಎಂದೇ ಬರೆಯುತ್ತಾರೆ, ನಿಮ್ಮ ಓರಗೆಯವರಿಗೆ ಹಳೆಯ ಹೆಸರು ಕೇಳಿ ಗೊತ್ತಿರುತ್ತದೆ ಅಂತ ಹೇಳಿದೆ, ಇದು ರೋಗವಲ್ಲ, ಮಾತ್ರೆ ಇಲ್ಲ, ಹುಟ್ಟಿದಾಗಿನಿಂದ ನಿಮ್ಮ ಮನಸ್ಸು ಇರುವ ರೀತಿಯೇ ಇದು ಎಂದು ನಿಧಾನವಾಗಿ ತಿಳಿಸಿದಳು. ಚಿಕ್ಕಂದಿನಲ್ಲಿ ಸೋದರತ್ತೆ ಅವಳಿಗೆ ಕಲ್ಲುಗುಂಡು ಎಂದು ಹೆಸರಿಟ್ಟಿದ್ದಳು, ಅಜ್ಜಿ ಸತ್ತ ದಿನ ಅವಳು ಅಳದೆ ಮೂಲೆಯಲ್ಲಿ ಕೂತು ರೈಲಿನ ವೇಳಾಪಟ್ಟಿ ಓದುತ್ತಿದ್ದಳೆಂದು.

“ಹಾಗಾದರೆ ನಾನು ಕಲ್ಲಲ್ಲವಾ?” ಎಂದಳು.

“ಕಲ್ಲಿಗೆ ಟ್ಯೂಬ್‌ಲೈಟು ಕೇಳಿಸಲ್ಲಮ್ಮ,” ಎಂದಳು ಡಾಕ್ಟರಮ್ಮ.

ಆವತ್ತು ಆಸ್ಪತ್ರೆಯಿಂದ ಮನೆಗೆ ನಡೆದೇ ಬಂದಳು. ಇಷ್ಟು ವರ್ಷ ಬೇರೆಯವರ ಅಳತೆಯ ಚಪ್ಪಲಿ ಮೆಟ್ಟಿ, ಕುಂಟುತ್ತಾ, ತನ್ನ ಕಾಲೇ ಸರಿಯಿಲ್ಲ ಎಂದುಕೊಂಡಿದ್ದಳಲ್ಲ. ಮೊದಲು ಹಗುರವಾಯಿತು, ಎರಡು ರಸ್ತೆ ದಾಟುವಷ್ಟರಲ್ಲಿ ಹೊಟ್ಟೆ ಉರಿಯಿತು. ಇಪ್ಪತ್ತರಲ್ಲಿ ಯಾರಾದರೂ ಹೇಳಿದ್ದರೆ? ಅವ್ವ ಇದ್ದಾಗ ಹೇಳಿದ್ದರೆ? ಇವಳಿಗೆ ಕರುಳೇ ಇಲ್ಲ ಎಂದು ಅವ್ವ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದಾಗ ಅವಳು ಬಾಗಿಲ ಹಿಂದೆಯೇ ಇದ್ದಳು. ಇಲ್ಲ ಅವ್ವ, ಇದೆ, ಎಂದು ಈಗ ಹೇಳೋಣವೆಂದರೆ ಕೇಳಲು ಅವ್ವ ಇಲ್ಲ. ಇದ್ದವಳು ಒಬ್ಬಳೇ ತಂಗಿ. ಆ ತಂಗಿಯನ್ನು ಈ ವಿಷಯಕ್ಕೆ ಎಳೆದು ತಂದವಳೂ ಡಾಕ್ಟರಮ್ಮನೇ. ಚಿಕ್ಕಂದಿನಿಂದ ನಿಮ್ಮನ್ನು ಬಲ್ಲವರೊಬ್ಬರು ಒಂದು ಫಾರಂ ತುಂಬಿಕೊಡಬೇಕು ಎಂದಾಗ, ವಿಳಾಸ ಕೊಡುತ್ತೇನೆ, ಅವಳು ತುಂಬುವುದಿಲ್ಲ ಎಂದಿದ್ದಳು. ಹತ್ತು ದಿನದಲ್ಲಿ ಹನ್ನೆರಡು ಪುಟವೂ ತುಂಬಿ ಬಂತು. ಅದು ನಿಮ್ಮ ತಂಗಿ ನನಗೆ ಬರೆದದ್ದು, ಪೂರ್ತಿ ತೋರಿಸುವ ಹಾಗಿಲ್ಲ ಎಂದು ಡಾಕ್ಟರಮ್ಮ ಒಂದೇ ಒಂದು ಸಾಲು ಓದಿ ಹೇಳಿದ್ದಳು. ಅಕ್ಕ ಆಟಕ್ಕೆ ಬರುತ್ತಿರಲಿಲ್ಲ, ಆದರೆ ನನ್ನ ವಸ್ತು ಏನು ಕಳೆದರೂ ಎಲ್ಲಿದೆ ಎಂದು ಅವಳಿಗೆ ಗೊತ್ತಿರುತ್ತಿತ್ತು. ಆ ಸಾಲನ್ನು ಅವಳು ಕಾರ್ಡಿನಲ್ಲಿ ಬರೆದುಕೊಂಡಿಲ್ಲ, ಬಾಯಿಗೆ ಬರುತ್ತದೆ.

ಗೊತ್ತಿರದೆ ಏನು! ತಂಗಿಯ ಬಾಚಣಿಗೆ, ರಿಬ್ಬನ್ನು, ಕೊನೆಯ ಪುಟ ಹರಿದ ಲೆಕ್ಕದ ಪುಸ್ತಕ, ಎಲ್ಲದರ ನಕ್ಷೆ ತಲೆಯಲ್ಲಿತ್ತು. ಅದಕ್ಕೆ ಬದಲಾಗಿ ತಂಗಿ ಅವಳಿಗೆ ಜನರನ್ನು ಹುಡುಕಿಕೊಡುತ್ತಿದ್ದಳು. ಮೂರು ವರ್ಷ ಚಿಕ್ಕವಳು, ಆದರೆ ಮನೆಗೆ ಯಾರಾದರೂ ಬಂದರೆ ಪಕ್ಕದಲ್ಲಿ ಅಂಟಿ ಕೂತು ಮೇಜಿನ ಕೆಳಗೆ ಚಿವುಟುತ್ತಿದ್ದಳು. ಒಂದು ಸಲ ಚಿವುಟಿದರೆ ಈಗ ನಗು, ಎರಡು ಸಲ ಚಿವುಟಿದರೆ ಸಾಕು ನಿಲ್ಲಿಸು, ಉಗುರು ಊರಿ ಹಿಡಿದರೆ ಏನೋ ಎಡವಟ್ಟಾಗಿದೆ, ಎದ್ದು ಒಳಗೆ ಹೋಗು. ಎಡತೊಡೆಯ ಮೇಲೆ ಯಾವಾಗಲೂ ಸಣ್ಣ ನೀಲಿ ಗುರುತು. ತಂಗಿ ಮದುವೆಯಾಗಿ ಹೋದ ವಾರ ಮನೆಗೆ ಬಂದ ನೆಂಟರ ಮುಂದೆ ಅವಳು ಊಸರವಳ್ಳಿಯ ಕಣ್ಣಿನ ವಿಷಯ ಮುಕ್ಕಾಲು ಗಂಟೆ ಮಾತಾಡಿದ್ದಳು, ಯಾರೂ ಚಿವುಟಲಿಲ್ಲ. ತೊಡೆ ಮುಟ್ಟಿ ನೋಡಿಕೊಂಡಿದ್ದಳು. ಗುರುತು ಮಾಸಿತ್ತು. ಫೋನು ಗಣಗಣ ಎಂದಿತು, ಎರಡನೇ ಪ್ಲಾಟ್‌ಫಾರಂನ ಗಾಡಿ ಹೊರಡುತ್ತದೆಯೆಂದು. ಕಾರ್ಡು ತೆಗೆದು ಓದಿದಳು. ದೀಪ ಆರಿಸಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಅವಳಷ್ಟು ಚೆನ್ನಾಗಿ ಬಲ್ಲವರಿಲ್ಲ. ಆರು ವರ್ಷದ ಹಿಂದೆ ತಂಗಿಯ ಗಂಡ ಆಫೀಸಿನ ಮೆಟ್ಟಿಲ ಮೇಲೆ ಕುಸಿದು ಬಿದ್ದು ಹೋಗಿಬಿಟ್ಟ. ಸುದ್ದಿ ಬಂದಾಗ ಅವಳು ಇದೇ ಕುರ್ಚಿಯಲ್ಲಿದ್ದಳು. ಸಮವಸ್ತ್ರದಲ್ಲೇ ಹೊರಟಳು. ದಾರಿಯುದ್ದಕ್ಕೂ ಒಂದು ಕಾರ್ಡಿನ ಮೇಲೆ ಮೂರು ವಾಕ್ಯ ಬರೆದು, ಹೊಡೆದು, ಬರೆದು ಇಟ್ಟುಕೊಂಡಳು. ತಂಗಿಯ ಮನೆಯ ಹಾಲಿನ ತುಂಬ ಜನ. ಪಾಪ ಒಳ್ಳೆಯ ಮನುಷ್ಯ, ತಾನು ಏನು ಹೇಳಿದರೂ ಪೂರ್ತಿ ಕೇಳಿಸಿಕೊಂಡು, ಹೌದಾ ಅತ್ತಿಗೆ ಎನ್ನುತ್ತಿದ್ದವನು, ಹಾಲಿನ ನಡುವೆ ಮಲಗಿದ್ದ. ಅಳುವವರು, ಅಳುವವರಿಗೆ ನೀರು ಕೊಡುವವರು, ಫೋನಿನಲ್ಲಿ ಕೂಗುವವರು, ಫ್ಯಾನಿನ ಒಂದು ರೆಕ್ಕೆ ಸಡಿಲವಾಗಿ ಟಕ್ ಟಕ್ ಎನ್ನುತ್ತಿತ್ತು, ಎಲ್ಲ ಒಂದೇ ಗಾತ್ರದ ಸದ್ದು, ಒಂದನ್ನು ಹಿಂದೆ ತಳ್ಳಿ ಇನ್ನೊಂದನ್ನು ಮುಂದೆ ತರುವುದು ಅವಳಿಂದ ಆಗದು. ತಂಗಿ ಎದ್ದು ಬಂದು ಎರಡೂ ಕೈ ಹಿಡಿದಳು. ಕಾರ್ಡು ಕೈಚೀಲದಲ್ಲಿತ್ತು, ಕೈಗಳು ತಂಗಿಯ ಕೈಯಲ್ಲಿದ್ದವು. ಅಕ್ಕ, ಹೀಗಾಯ್ತಲ್ಲ ಎಂದಳು ತಂಗಿ. ಏನಾದರೂ ಹೇಳಬೇಕು, ಈಗಲೇ ಹೇಳಬೇಕು, ಎದೆಯಲ್ಲಿ ಇಷ್ಟು ದೊಡ್ಡದು ಏನೋ ಎದ್ದು ಗಂಟಲಿಗೆ ಬಂದು ಅಲ್ಲಿ ದಾರಿ ಸಿಗದೆ ತಿರುಗುತ್ತಿದೆ, ಬಾಯಿ ತೆರೆಯಿತು. ಆಮೇಲೆ ಇಡೀ ಹಾಲಿಗೆ ಸ್ಪಷ್ಟವಾಗಿ, ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ, ಮೈಕಕ್ಕನ ದನಿಯಲ್ಲಿ ಕೇಳಿಸಿತು: “ತಮಗಾಗಿರುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.”

ಅಳು ಒಂದು ಕ್ಷಣ ನಿಂತಿತು. ಸತ್ತವನ ಆಫೀಸಿನವರಲ್ಲಿ ಯಾರೋ ಕಿಸಕ್ಕನೆ ನಕ್ಕು, ನಕ್ಕಿದ್ದನ್ನು ಕೆಮ್ಮು ಮಾಡಿಕೊಂಡರು. ತಂಗಿ ಕೈ ಬಿಟ್ಟಳು. ಕೊಡವಲಿಲ್ಲ, ತಳ್ಳಲಿಲ್ಲ, ಬರೀ ಬಿಟ್ಟಳು. ಕೈಬಿಟ್ಟದ್ದರ ತೂಕ ಈಗಲೂ ಅಂಗೈಯಲ್ಲಿದೆ. ಅವಳು ಹಿಂದೆ ಹಿಂದೆ ಸರಿದು ಬಾಗಿಲ ಹತ್ತಿರ ಚಪ್ಪಲಿಗಳ ನಡುವೆ ನಿಂತಳು, ಎಷ್ಟು ಹೊತ್ತೋ, ಆಮೇಲೆ ಕೊನೆಯ ಗಾಡಿಗೆ ಹೊತ್ತಾಯಿತೆಂದು ಯಾರಿಗೂ ಹೇಳದೆ ಹೊರಟುಬಂದಳು. ಹದಿನೈದು ದಿನ ಬಿಟ್ಟು ಫೋನು ಮಾಡಿದರೆ ತಂಗಿ, ನೀನು ಇನ್ನು ನಮ್ಮನೆಗೆ ಬರಬೇಡ ಎಂದಳು. ಎಷ್ಟು ದಿನ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಆ ಕಡೆ ಫೋನಿಟ್ಟ ಸದ್ದಾಯಿತು. ಆ ವಾಕ್ಯವನ್ನು ಅದಾದ ಮೇಲೂ ಅವಳು ದಿನಕ್ಕೆ ಐದಾರು ಸಲ ಹೇಳಿದ್ದಾಳೆ, ಗಾಡಿಗಳು ತಡವಾಗುವುದು ಬಿಟ್ಟಿಲ್ಲವಲ್ಲ. ಪ್ರತಿ ಸಲವೂ ನಾಲಿಗೆ ಸುಟ್ಟುಕೊಂಡೇ ಹೇಳುತ್ತಾಳೆ, ಹೊರಗೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ.

ಹನ್ನೊಂದೂ ಐವತ್ತರ ಗಾಡಿ ಸರಿಯಾಗಿ ಹನ್ನೊಂದೂ ಐವತ್ತಕ್ಕೆ ಬಂತು. ಅದನ್ನು ಸಾರಿದವಳೂ ಅವಳೇ. ಕಿಟಕಿಗೆ ಹಣೆ ಒತ್ತಿ ನಿಂತಳು. ಜನ ಇಳಿದರು, ಬ್ಯಾಗುಗಳು ಇಳಿದವು, ನೂಕುನುಗ್ಗಲು ಕರಗಿದ ಮೇಲೆ ಕೊನೆಯ ಡಬ್ಬಿಯಿಂದ ಒಬ್ಬಳು ಹೆಂಗಸು ಹಿಂದಕ್ಕೆ ತಿರುಗಿಕೊಂಡು ಇಳಿದಳು, ಒಂದು ಕಾಲು ಸ್ವಲ್ಪ ಹೊರಗೆ ಚಾಚಿ. ಆ ಎಡಗಾಲು. ಎಂಟು ವರ್ಷದವಳಿದ್ದಾಗ ಗೋಡೆ ಹಾರಿ ಮುರಿದುಕೊಂಡದ್ದು. ತಲೆ ಪೂರ್ತಿ ಬೆಳ್ಳಗಾಗಿತ್ತು, ಅದನ್ನು ಯಾರೂ ಹೇಳಿರಲಿಲ್ಲ. ತಂಗಿ ಸುತ್ತ ನೋಡದೆ ಸೀದಾ ಬಂದು, ಬೇರೆ ಐದು ಬೆಂಚು ಖಾಲಿ ಇದ್ದರೂ ಕಿಟಕಿಯ ಕೆಳಗಿನ ಬೆಂಚಿನಲ್ಲೇ, ಧ್ವನಿವರ್ಧಕದ ಅಡಿಯಲ್ಲೇ ಕೂತಳು. ಬೇಕೆಂದೇ ಕೂತಳೋ, ನೆರಳಿದೆ ಎಂದು ಕೂತಳೋ? ಇಂಥದನ್ನೆಲ್ಲ ಜನ ನೋಡಿದ ಕೂಡಲೇ ತಿಳಿಯುತ್ತಾರಂತೆ. ಮೇಲಿನಿಂದ ಕಾಣುತ್ತಿದ್ದುದು ಬಿಳಿಯ ಬೈತಲೆ ಮತ್ತು ಮಡಿಲಲ್ಲಿ ಜೋಡಿಸಿಟ್ಟ ಕೈ. ಹೋಗಿ ಹಿಂದಿನಿಂದ ಆ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಕಿಟಕಿಯ ಸರಳು ಹಿಡಿದ ಬೆರಳು ನೋಯತೊಡಗಿದವು. ಹದಿನೇಳು ಮೆಟ್ಟಿಲು. ಮೈಕು ಬಿಟ್ಟು ಹೋಗುವ ಹಾಗಿಲ್ಲ.

ಹನ್ನೆರಡೂ ಎಂಟಕ್ಕೆ ಫೋನು. ಒಂದನೇ ಪ್ಲಾಟ್‌ಫಾರಂಗೆ ಬರಬೇಕಾದ ಗಾಡಿ ಐವತ್ತು ನಿಮಿಷ ತಡ, ಸಾರಬೇಕು. ಅವಳು ಕಾರ್ಡು ಎಳೆದುಕೊಂಡಳು. ಕೆಂಪು ದೀಪ ಹತ್ತಿತು. ಪ್ರಯಾಣಿಕರ ಗಮನಕ್ಕೆ ಎಂದಳು, ಕೆಳಗೆ ಬಿಳಿಯ ತಲೆ ಅಲುಗಲಿಲ್ಲ. ಗಾಡಿಯ ಹೆಸರು ಹೇಳಿದಳು, ಐವತ್ತು ನಿಮಿಷ ಎಂದಳು. ಕಾರ್ಡಿನಲ್ಲಿ ಇನ್ನೊಂದೇ ಸಾಲು ಉಳಿದಿತ್ತು. ಅದು ಗಂಟಲಿಗೆ ಬಂದು ನಿಂತಿತು. ಒಂದು, ಎರಡು, ಮೂರು ಸೆಕೆಂಡು. ತೆರೆದ ಮೈಕು ಕೋಣೆಯ ಗುಂಯ್‌ಗುಡುವಿಕೆಯನ್ನೂ ಅವಳ ಉಸಿರನ್ನೂ ಹೊತ್ತು ನಾಲ್ಕು ಪ್ಲಾಟ್‌ಫಾರಂಗೂ ಹಂಚುತ್ತಿತ್ತು. ಸಾಮಾನು ಎಳೆಯುವವರು ಕತ್ತೆತ್ತಿದರು. ತಂಗಿಯೂ ಎತ್ತಿದಳು. ಕಿಟಕಿಯ ಕಡೆಯಲ್ಲ, ಧ್ವನಿವರ್ಧಕದ ಕಡೆ. ಹನ್ನೊಂದು ಸೆಕೆಂಡು ಆದ ಮೇಲೆ ಅವಳು ಗುಂಡಿ ಒತ್ತಿ ದೀಪ ಆರಿಸಿದಳು. ಕೂಡಲೇ ಸ್ಟೇಷನ್ ಮಾಸ್ತರು ಫೋನು ಮಾಡಿ, ಏನಮ್ಮ ಇದು, ತಡ ಮಾತ್ರ ಹೇಳಿದಿರಿ, ವಿಷಾದ ಎಲ್ಲಿ ಹೋಯಿತು ಎಂದು ಕೇಳಿದರು. ವಿಷಾದ ಇದೆ ಸಾರ್, ಹೇಳಲಿಕ್ಕೆ ಆಗಲಿಲ್ಲ ಎಂದಳು. ಅವರು ಹುಷಾರಾಗಿದ್ದೀರಾ ಎಂದು ಕೇಳಿ ಇಟ್ಟುಬಿಟ್ಟರು.

ಮುಂದಿನ ಶಿಫ್ಟಿನವರು ಕೆಮ್ಮಪ್ಪನವರು. ಕೆಮ್ಮದೆ ಒಂದು ಗಾಡಿಯನ್ನೂ ಹೊರಡಿಸಿದವರಲ್ಲ, ಅದಕ್ಕೆ ಆ ಹೆಸರು. ಸಾಮಾನ್ಯವಾಗಿ ಐದು ನಿಮಿಷ ತಡ, ಇವತ್ತು ಮೂರು ನಿಮಿಷ ಮುಂಚೆಯೇ ಬಂದರು. ಅವಳು ನಿಂತೇ ಇದ್ದುದನ್ನು ಕಂಡು ಏನಾಯ್ತು ಮೈಕಕ್ಕ ಎಂದರು. ನನ್ನ ತಂಗಿ ಕೆಳಗೆ ಕೂತಿದ್ದಾಳೆ ಎಂದಳು. ಅದರಲ್ಲೇನಿದೆ ಎನ್ನಲಿಲ್ಲ ಅವರು, ಹೋಗಿ ಹೋಗಿ ಎಂದು ಕುರ್ಚಿ ಎಳೆದುಕೊಂಡರು. ಮೆಟ್ಟಿಲು ಇಳಿಯುವಾಗ ಎಣಿಸಿದಳು, ಹದಿನೇಳೇ ಇದ್ದವು. ಜೇಬಿನ ಕಾರ್ಡು ಬೆವರಿಗೆ ಮೆತ್ತಗಾಗಿತ್ತು.

ತಂಗಿ ತಲೆ ತಿರುಗಿಸಲಿಲ್ಲ. ಬೆಂಚಿನ ನಡುವೆ ಬ್ಯಾಗು. ಅವಳು ಈ ತುದಿಯಲ್ಲಿ ಕೂತು ತಂಗಿಯ ಕಿವಿ ನೋಡಿದಳು, ಅದಕ್ಕೂ ವಯಸ್ಸಾಗಿತ್ತು.

“ನಾನು ಬರ್ತೀನಿ ಅಂತ ಯಾರು ಹೇಳಿದ್ರು?” ಎಂದಳು ತಂಗಿ, ಹಳಿಗಳನ್ನು ನೋಡುತ್ತಾ.

“ಹೇಳಬಾರದು ಅಂದಿದಾಳೆ ನಿನ್ನ ಮಗಳು.”

ತಂಗಿಯ ಬಾಯಿಯ ಪಕ್ಕದಲ್ಲಿ ಏನೋ ಮಿಸುಕಿ ನಿಂತಿತು. ಅದು ಒಳ್ಳೆಯದೋ ಕೆಟ್ಟದ್ದೋ ನೋಡುತ್ತ ಕೂತರೆ ಹೊತ್ತು ಹೋಗುತ್ತದೆಂದು ಅವಳು ಕಾರ್ಡು ತೆಗೆದು ಓದಿದಳು. ತನಗೆ ಆಸ್ಪರ್ಗರ್ ಇದೆಯೆಂದು ಡಾಕ್ಟರು ಗುರುತಿಸಿದ್ದಾರೆ. ಇಂಥವರಿಗೆ ಭಾವನೆ ಇಲ್ಲವೆಂದಲ್ಲ, ಅದು ಮಾತಾಗಿ ಹೊರಬರುವ ದಾರಿ ಬೇರೆ. ಗಾಬರಿಯಾದಾಗ ಬಾಯಿಗೆ ಅಭ್ಯಾಸವಾದ ವಾಕ್ಯವೇ ಬಂದುಬಿಡುತ್ತದೆ, ಆ ದಿನ ಆದದ್ದು ಅದು, ಬೇಕೆಂದು ಆಡಿದ್ದಲ್ಲ. ಎಷ್ಟು ಜೋಪಾನವಾಗಿ ಬರೆದಿದ್ದಳೋ ಅಷ್ಟೇ ಎಚ್ಚರದಿಂದ ಓದಿದಳು. ಓದುತ್ತಾ ಓದುತ್ತಾ ಮೈಕಿನ ದನಿ ತಾನಾಗಿ ಬಂದು ಕೂತಿತು, ತಡೆಯಲಾಗಲಿಲ್ಲ. ಪಕ್ಕದ ಬೆಂಚಿನ ಗಂಡಸೊಬ್ಬ ತನ್ನ ಗಾಡಿಯ ವಿಷಯವೇನೋ ಎಂದು ಪೇಪರು ಇಳಿಸಿ ಕೇಳಿಸಿಕೊಂಡು, ಅಲ್ಲವೆಂದು ತಿಳಿದು ಮತ್ತೆ ಪೇಪರು ಎತ್ತಿದ.

“ಮುಗೀತಾ?” ಎಂದಳು ತಂಗಿ.

“ಹಿಂದುಗಡೆ ಇನ್ನೆರಡು ಸಾಲಿದೆ.”

“ಬೇಡ.” ತಂಗಿ ಮೊದಲ ಸಲ ಇತ್ತ ತಿರುಗಿದಳು. “ಆ ಫಾರಂ ತುಂಬಿದ್ದು ನಾನು ಅಕ್ಕ, ಹನ್ನೆರಡು ಪುಟ. ನೀನು ಹೀಗೆ ಅಂತ ಡಾಕ್ಟರು ನನಗೆ ತಿಳಿಸಬೇಕಾ? ನೀನು ಬೇಕಂತ ಅಂದಿದ್ದಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು, ಆ ನಕ್ಕನಲ್ಲ, ಅವನ ಮೇಲೆ ಬಂದಷ್ಟು ಸಿಟ್ಟು ನಿನ್ನ ಮೇಲೆ ಬರಲಿಲ್ಲ. ನಿನಗೀಗ ಹೆಸರು ಸಿಕ್ಕಿತು, ಒಳ್ಳೇದಾಯ್ತು, ನಿಜವಾಗಲೂ ಒಳ್ಳೇದಾಯ್ತು. ನನಗೆ ಅವತ್ತು ಅಕ್ಕ ಸಿಗಲಿಲ್ಲ. ಅದಕ್ಕೇನು ಹೆಸರು ಅಂತ ಕೇಳಿದ್ಯಾ ಡಾಕ್ಟರನ್ನ?”

ಕೇಳಿರಲಿಲ್ಲ. ಇದಕ್ಕೆ ಕಾರ್ಡೂ ಇರಲಿಲ್ಲ. ಹೆಸರು ಸಿಕ್ಕ ಮೂರು ವಾರದಿಂದ ಅವಳು ಕಟ್ಟಿಕೊಂಡು ಬಂದದ್ದೆಲ್ಲ ತನ್ನ ಕಡೆಯ ಸಮಾಧಾನ, ತಾನು ಯಾಕೆ ಹಾಗೆ ಅಂದೆ ಎಂಬುದರ ಸಮಜಾಯಿಷಿ. ಅದನ್ನು ಕೇಳಿ ತಂಗಿಗೆ ಆಗಬೇಕಾದದ್ದೇನು? ಗಂಡ ಮಲಗಿದ್ದ ಆ ಹಾಲಿನಲ್ಲಿ ಒಬ್ಬಳೇ ನಿಂತಿದ್ದವಳಿಗೆ ಇದರಿಂದ ಸಿಕ್ಕಿದ್ದೇನು? ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎದ್ದು ಹೋಗಿಬಿಡಲೇ ಎನ್ನಿಸಿತು, ಹಾಗೆ ಎದ್ದು ಹೋಗುವುದು ಅವಳಿಗೆ ಚೆನ್ನಾಗಿ ಗೊತ್ತು. ಕ್ಷಮಿಸು ಎನ್ನಲೇ? ಅದೂ ಒಂದು ಕಾರ್ಡಿನ ಮಾತೇ, ನಲವತ್ತೆರಡನೇ ಕಾರ್ಡು. ಜೀವಮಾನವಿಡೀ ಅವಳು ಸರಿಯಾದದ್ದು ಯಾವುದಿರಬಹುದೆಂದು ಕತ್ತಲಲ್ಲಿ ತಡಕಾಡಿ, ಊಹಿಸಿ, ತಪ್ಪಿ, ಮನೆಗೆ ಹೋಗಿ ಬರೆದುಕೊಂಡಿದ್ದಳೇ ಹೊರತು ಎದುರಿಗಿದ್ದವರನ್ನೇ ಕೇಳಿಬಿಡಬಹುದೆಂದು ಹೊಳೆದಿರಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗಿಬಿಡುತ್ತದಲ್ಲ, ಆ ಭಯ. ಈಗ ಗೊತ್ತಾಗುವುದಕ್ಕೆ ಇನ್ನೇನು ಉಳಿದಿದೆ. ಕಾರ್ಡನ್ನು ಜೇಬಿಗೆ ಹಾಕಿದಳು.

“ಅವತ್ತು ನಾನು ಏನು ಮಾಡಬೇಕಿತ್ತು?” ಎಂದಳು. ದನಿ ಬಿರುಕು ಬಿಟ್ಟು, ಮೈಕಿಗೆ ಒಗ್ಗದ ಹಾಗೆ ಬಂತು. “ನನಗೆ ಇವತ್ತಿಗೂ ಗೊತ್ತಿಲ್ಲ ಕಣೇ. ಆರು ವರ್ಷ ಯೋಚನೆ ಮಾಡಿದೀನಿ. ನೀನು ಹೇಳಿದರೆ ಗೊತ್ತಾಗುತ್ತೆ.”

ತಂಗಿ ಮತ್ತೆ ಹಳಿಗಳ ಕಡೆ ತಿರುಗಿದಳು. ಎದುರಿನ ಹಳಿಯ ಮೇಲೆ ಒಂದು ಖಾಲಿ ಎಂಜಿನ್ನು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. “ಏನೂ ಅನ್ನಬಾರದಿತ್ತು,” ಎಂದಳು ಕೊನೆಗೆ. “ಬಂದು ನನ್ನ ಪಕ್ಕದಲ್ಲಿ ಕೂತ್ಕೋಬೇಕಿತ್ತು. ಅಷ್ಟೇ. ಬೇಕಾದಷ್ಟು ಜನ ಬೇಕಾದಷ್ಟು ಹೇಳಿದ್ರು. ನೀನು ಹೋಗಿ ಬಾಗಿಲ ಹತ್ತಿರ ನಿಂತೆ. ಆಮೇಲೆ ನೋಡಿದರೆ ಅಲ್ಲೂ ಇರಲಿಲ್ಲ.”

“ಎಷ್ಟು ಹೊತ್ತು ಕೂತ್ಕೋಬೇಕಿತ್ತು?”

ತಂಗಿಯ ಭುಜ ಅಲುಗತೊಡಗಿತು. ಕೈಯಿಂದ ಮುಖ ಮುಚ್ಚಿಕೊಂಡಿದ್ದಳು, ನಗುವೋ ಅಳುವೋ ಕಾಣುವಂತಿರಲಿಲ್ಲ. ಬೇರೆ ದಿನವಾಗಿದ್ದರೆ ಅದು ಯಾವುದೆಂದು ತಿಳಿಯದೆ ಅವಳಿಗೆ ಜೀವವೇ ಹೋಗುತ್ತಿತ್ತು. ಎರಡೂ ಇರಬಹುದು ಎಂದುಕೊಂಡಳು. ಬೆರಳ ಸಂದಿಯಿಂದಲೇ ತಂಗಿ ಹೇಳಿದಳು, “ನಾನಾಗಿ ಏಳೋ ತನಕ.”

ಸರಿ ಎಂದು ಅವಳು ಕೂತಳು. ನಡುವಿನ ಬ್ಯಾಗನ್ನು ಎತ್ತಿ ಕೆಳಗಿಟ್ಟು, ಅದರ ಜಾಗಕ್ಕೆ ಸರಿದು ಕೂತಳು. ತಂಗಿಯ ತೋಳು ತನ್ನ ತೋಳಿಗೆ ತಾಗಿತು. ಯಾರಾದರೂ ಹೀಗೆ ತಾಗಿದರೆ ಮೈಮೇಲೆ ಮುಳ್ಳೇಳುವವಳು ಅವಳು. ಎದ್ದಿತು, ಇಳಿಯಲಿ ಎಂದು ಕಾದಳು, ಇಳಿಯಿತು. ತಂಗಿಯ ತೋಳು ಬೆಚ್ಚಗಿತ್ತು. ಚಿಕ್ಕಂದಿನ ಸೋಪಿನ ವಾಸನೆ ಇರಲಿಲ್ಲ, ಬೇರೆ ಯಾವುದೋ ವಾಸನೆ, ಔಷಧಿಯ ಎಣ್ಣೆಯದು. ಕಾಲು ಈಗಲೂ ನೋಯುತ್ತದೇನೋ, ಈ ಆರು ವರ್ಷದಲ್ಲಿ ಯಾರು ತಿಕ್ಕಿಕೊಡುತ್ತಿದ್ದರೋ. ಕೇಳಲಿಲ್ಲ. ಏನೂ ಅನ್ನಬಾರದು ಎಂದು ಹೇಳಿಯಾಗಿದೆ. ಮಾತಿಲ್ಲದೆ ಕೂರುವುದು ಇಷ್ಟು ಸುಲಭವೆಂದು ಯಾರಾದರೂ ಮೊದಲೇ ಹೇಳಿದ್ದರೆ ಅವಳು ಎಷ್ಟೊಂದು ಮನೆಗಳಲ್ಲಿ ಎಷ್ಟೊಂದು ಜನರ ಪಕ್ಕ ಕೂತಿರಬಹುದಿತ್ತು.

ಒಂದೂ ಎರಡಕ್ಕೆ ಮೇಲಿನಿಂದ ಕೆಮ್ಮಪ್ಪನವರು ಕೆಮ್ಮಿದರು. ಮೂರನೇ ಪ್ಲಾಟ್‌ಫಾರಂಗೆ ಗಾಡಿ ಬರುತ್ತಿದೆ ಎಂದರು, ಒಂದೂ ಹತ್ತಕ್ಕೆ ಹೊರಡುತ್ತದೆ ಎಂದರು. ಗಾಡಿ ಬಂದು ಅವರ ಮುಂದೆಯೇ ನಿಂತಿತು, ತಂಗಿ ಹತ್ತಬೇಕಾದ ಡಬ್ಬಿಯ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿ. ತಂಗಿ ಮುಖದಿಂದ ಕೈ ತೆಗೆದು ಗಾಡಿಯನ್ನು ನೋಡಿದಳು, ಟಿಕೆಟ್ಟು ಇದ್ದ ಚೀಲವನ್ನು ಮುಟ್ಟಿಕೊಂಡಳು. ಏಳಲಿಲ್ಲ. ಅಕ್ಕನ ಮೈಯೆಲ್ಲ ಕಿವಿಯಾಗಿತ್ತು. ನಿನ್ನ ಗಾಡಿ ಬಂದಿದೆ, ಇನ್ನು ಮೂರು ನಿಮಿಷ, ಇನ್ನು ಎರಡು ನಿಮಿಷ, ಒಂದೊಂದು ನಿಮಿಷವೂ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಇಪ್ಪತ್ತಾರು ವರ್ಷ ಇದೊಂದನ್ನೇ ಹೇಳಿ ಅನ್ನ ತಿಂದವಳು. ಹಲ್ಲು ಕಚ್ಚಿ ಕೂತಳು. ಗಾರ್ಡು ಶಿಳ್ಳೆ ಹಾಕಿದ. ಯಾರೋ ಓಡಿಬಂದು ಹತ್ತಿಕೊಂಡರು. ಗಾಡಿ ಒಮ್ಮೆ ಜಗ್ಗಿ, ನಿಧಾನವಾಗಿ ಹೊರಟಿತು. ಡಬ್ಬಿಗಳ ನೆರಳು ಇಬ್ಬರ ಮುಖದ ಮೇಲೂ ಹಾದು ಹಾದು ಹೋಯಿತು, ಆಮೇಲೆ ಕೊನೆಯ ಡಬ್ಬಿಯೂ ಹೋಗಿ ಎದುರಿಗೆ ಬರೀ ಹಳಿ, ಬಿಸಿಲು.

“ಹೋಯ್ತಲ್ಲ,” ಎಂದಳು ತಂಗಿ.

“ಹೂಂ.”

ತಂಗಿ ಸೆರಗಿನಿಂದ ಮೂಗೊರೆಸಿಕೊಂಡಳು. ಕೆಟ್ಟ ಕಾಲನ್ನು ಮುಂದೆ ಚಾಚಿ, ಬೆನ್ನನ್ನು ಬೆಂಚಿಗೆ ಆನಿಸಿ, “ಮುಂದಿನ ಗಾಡಿ ಎಷ್ಟಕ್ಕೆ?” ಎಂದು ಕೇಳಿದಳು.

ಒಂದೂ ನಲವತ್ತಕ್ಕೆ ಎರಡನೇ ಪ್ಲಾಟ್‌ಫಾರಂನಿಂದ ಒಂದು ಪ್ಯಾಸೆಂಜರ್ ಇತ್ತು. ಎಲ್ಲ ಕಡೆ ನಿಲ್ಲುತ್ತಾ ನಿಲ್ಲುತ್ತಾ ಅದೂ ಆ ಊರಿಗೇ ಹೋಗುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ನಾಲ್ಕೂ ಇಪ್ಪತ್ತೈದಕ್ಕೆ,” ಎಂದಳು.